ಕಾಡುಹೂಗಳ ಫೋಟೋ: ಯಾವಾಗ ಹೋಗಬೇಕು, ಹೇಗೆ ತೆಗೆಯಬೇಕು?

ಹೊಸ ಹೆಜ್ಜೆ: ಮೊಬೈಲಲ್ಲಿ ಕಾಡುಹೂಗಳ ಫೋಟೋ ತೆಗೆಯಲು ಶುರು ಮಾಡಿದ್ದೇನೆ. ಮಳೆ ನಿಂತ ಮೇಲೆ ಎಲ್ಲಿ ನೋಡಿದರೂ ಹೂವು, ಆದರೆ ಬೆಳಿಗ್ಗೆ ನೋಡಿದ ಪುಟ್ಟ ನೀಲಿ ಹೂವಿಗೆ ಮಧ್ಯಾಹ್ನ ಹೋದರೆ ಅದು ಕಾಣಿಸುವುದೇ ಇಲ್ಲ. ಬಿಳಿ ಹೂವಂತೂ ಬರೀ ಬೆಳ್ಳಗೆ ಬರುತ್ತದೆ, ಎಸಳಿನ ಗೆರೆ ಒಂದೂ ಕಾಣುವುದಿಲ್ಲ. ಏನು ಮಾಡಲಿ?

ಹುಲ್ಲುಹಾದಿ: ಅದು ವಿಷ್ಣುಕ್ರಾಂತಿ ಇರಬಹುದು. ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಬೇಗ ಹೋಗಿ, ಗಾಳಿಯೂ ಕಡಿಮೆ ಇರುತ್ತದೆ. ತುಂಬೆಯಂಥ ಬಿಳಿ ಹೂವಿಗೆ ಪರದೆ ಮೇಲೆ ಹೂವನ್ನೇ ಮುಟ್ಟಿ ಫೋಕಸ್ ಮಾಡಿ, ಬೆಳಕನ್ನು ಸ್ವಲ್ಪ ಇಳಿಸಿ. ಬಿಸಿಲು ಜಾಸ್ತಿ ಇದ್ದರೆ ನಿಮ್ಮ ನೆರಳೇ ಸಾಕು. ಸುಮ್ನೆ ನಿಂತು ಮೇಲಿಂದ ತೆಗೆಯಬೇಡಿ, ನೆಲಕ್ಕೆ ಮೊಣಕೈ ಊರಿ ಹೂವಿನ ಮಟ್ಟಕ್ಕೆ ಇಳಿಯಿರಿ, ಆಗ ಹಿಂದಿನ ಹುಲ್ಲೆಲ್ಲ ಮಸುಕಾಗಿ ಹೂವು ಒಂದೇ ಎದ್ದು ಕಾಣುತ್ತದೆ.

ಮೊಗ್ಗು: ಹೂವಿನ ಮುಖ ಮಾತ್ರ ಸಾಲದು. ಎಲೆ, ಕಾಂಡ, ಹೂವಿನ ಬೆನ್ನು ಕೂಡ ತೆಗೆಯಿರಿ, ಇಲ್ಲದಿದ್ದರೆ ಗುರುತಿಸುವುದು ತುಂಬಾ ಕಷ್ಟ. ನಾನು ಒಂದೇ ಹಾದಿಗೆ 15 ದಿನಕ್ಕೊಮ್ಮೆ ಹೋಗಿ ತಾರೀಖು ಬರೆದಿಡುತ್ತೇನೆ. ಬೇಸಿಗೆಯಲ್ಲಿ ನೆಲ ಒಣಗಿದಾಗ ತಲೆ ಎತ್ತಿ ನೋಡಿ, ಎಲೆ ಉದುರಿಸಿದ ಮುತ್ತುಗ ಕೆಂಪಾಗಿ ಉರಿಯುತ್ತಿರುತ್ತದೆ. ನೀಲಕುರಿಂಜಿಗಾದರೆ 12 ವರ್ಷ ಕಾಯಬೇಕು!

ಹುಲ್ಲುಹಾದಿ: ಫೋಟೋಗೆ ಅಡ್ಡ ಬಂತು ಅಂತ ಪಕ್ಕದ ಗಿಡ ಕೀಳಬೇಡಿ, ಮೆತ್ತಗೆ ಬಾಗಿಸಿ ಸಾಕು.

ಹೊಸ ಹೆಜ್ಜೆ: ನಾನು ಮೇಲಿಂದಲೇ ತೆಗೆಯುತ್ತಿದ್ದೆ! ನಾಳೆ ಬೆಳಿಗ್ಗೆಯೇ ಹೋಗುತ್ತೇನೆ.