ಬಿಡುವಿನಲ್ಲಿ ಮಗ ಒಬ್ಬನೇ ಇರುತ್ತಾನೆ, ಏನು ಮಾಡಲಿ?

ಆಲ್ಬನಿ, ಹೊಸಬಳು: ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಮೈಸೂರಿನಿಂದ ಅಮೆರಿಕಕ್ಕೆ ಬಂದೆವು. ಮಗ ಮೂರನೇ ಕ್ಲಾಸು. ಇಂಗ್ಲಿಷ್ ಚೆನ್ನಾಗಿ ಬರುತ್ತೆ. ಗೆಳೆಯರು ಮಾತ್ರ ಒಬ್ಬರೂ ಇಲ್ಲ. ಡಬ್ಬಿ ಹಾಗೇ ವಾಪಸ್ ಬರುತ್ತೆ, ಚಿತ್ರಾನ್ನವನ್ನು ಕಾರಿನಲ್ಲಿ ಕೂತು ತಿನ್ನುತ್ತಾನೆ. ಬಿಡುವಿನಲ್ಲಿ ಏನು ಮಾಡ್ತೀಯ ಅಂತ ಕೇಳಿದೆ. "ಬೇಲಿ ಪಕ್ಕ ನಡೀತಾ ಇರ್ತೀನಮ್ಮ. ನಿಂತ್ರೆ ಒಬ್ನೇ ಇದ್ದೀನಿ ಅಂತ ಎಲ್ರಿಗೂ ಗೊತ್ತಾಗುತ್ತೆ" ಅಂದ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ತಪ್ಪು ಎಲ್ಲಾಗಿದೆ?

ನ್ಯೂಜೆರ್ಸಿ, 22 ವರ್ಷದಿಂದ: ಯೋಚನೆ ಮಾಡಬೇಡಮ್ಮ. ಸಾಕರ್‌ಗೆ ಸೇರಿಸು. ನನ್ನ ಮಗನೂ ಹೀಗೇ ಇದ್ದ. ಈಗ ಡಾಕ್ಟರು.

ರೋಚೆಸ್ಟರ್, ಶಾಲೆಯಲ್ಲಿ ಸಹಾಯಕಿ: ಮಗನಲ್ಲಿ ಕೊರತೆ ಏನೂ ಇಲ್ಲ. ಇಲ್ಲಿ ಶಾಲೆ ಶುರುವಾಗೋದು ಸೆಪ್ಟೆಂಬರಿನಲ್ಲಿ. ಜನವರಿ ಹೊತ್ತಿಗೆ ಮಕ್ಕಳು ಜೊತೆ ಮಾಡಿಕೊಂಡಾಗಿರುತ್ತೆ. ಯಾರೂ ದೂಡಿಲ್ಲ, ಯಾರೂ ಕರೆದಿಲ್ಲ ಅಷ್ಟೇ. ಅದೂ ನೋಯುತ್ತೆ. ಕಿಪ್ ವಿಲಿಯಮ್ಸ್ ಅನ್ನುವ ಮನಶ್ಶಾಸ್ತ್ರಜ್ಞರು ಪಾರ್ಕಿನಲ್ಲಿದ್ದಾಗ ಯಾರೋ ಎಸೆದಾಡುತ್ತಿದ್ದ ಫ್ರಿಸ್ಬೀ ತಟ್ಟೆ ಹತ್ತಿರ ಬಂದು ಬಿತ್ತು. ಇವರು ತಿರುಗಿ ಎಸೆದರು. ಅಪರಿಚಿತರಿಬ್ಬರು ಸ್ವಲ್ಪ ಹೊತ್ತು ಆಟಕ್ಕೆ ಸೇರಿಸಿಕೊಂಡು, ಆಮೇಲೆ ಇವರ ಕಡೆ ಎಸೆಯೋದನ್ನೇ ನಿಲ್ಲಿಸಿದರು. ಅಷ್ಟಕ್ಕೇ ಮನಸ್ಸು ಕುಗ್ಗಿತು. ಮುಂದೆ ಅವರು ಅದನ್ನೇ ಕಂಪ್ಯೂಟರ್ ಚೆಂಡಾಟವಾಗಿ ಮಾಡಿ ಪರೀಕ್ಷಿಸಿದರು. ಎದುರಿಗಿರೋದು ಬರೀ ಕಂಪ್ಯೂಟರ್ ಅಂತ ಗೊತ್ತಿದ್ದವರಿಗೂ ನೋವಾಯಿತು. ದೊಡ್ಡವರ ಕಥೆಯೇ ಹೀಗೆ. ನೀವು ಶಾಲೆಯ ಕೌನ್ಸೆಲರ್‌ಗೆ ಮೇಲ್ ಮಾಡಿ. ನಾಲ್ಕೈದು ಮಕ್ಕಳನ್ನು ಒಟ್ಟಿಗೆ ಊಟಕ್ಕೆ ಕೂರಿಸುತ್ತಾರಾ ಕೇಳಿ. ಮನೆಗೆ ಒಂದು ಮಗುವನ್ನು ಕರೆಯಿರಿ, ಒಂದೇ ಸಾಕು. ಬಿಡುವಿನಲ್ಲಿ ಫೋರ್ ಸ್ಕ್ವೇರ್ ಅನ್ನೋ ಚೆಂಡಾಟ ಜಾಸ್ತಿ ಆಡ್ತಾರೆ. ಮನೆ ಮುಂದೆ ಸೀಮೆಸುಣ್ಣದಲ್ಲಿ ನಾಲ್ಕು ಚೌಕ ಬರೆದು ನೀವೇ ಆಡಿಸಿ.

ಸ್ಯಾನ್ ಹೋಸೆ: ಇದೆಲ್ಲ ಮೇಲುಮೇಲಿನ ಮಾತು. ತಪ್ಪು ನಮ್ಮದೇ! ಶನಿವಾರ ನಮ್ಮವರ ಮನೆಯಲ್ಲಿ ಪಾಟ್‌ಲಕ್, ಭಾನುವಾರ ಕನ್ನಡ ಶಾಲೆ. ಪಕ್ಕದ ಮನೆಯವರ ಹೆಸರಾದರೂ ಗೊತ್ತಾ? ಬೇಲಿ ಹಾಕಿಕೊಂಡವರು ನಾವು, ಅದರ ಪಕ್ಕ ನಡೆಯೋದು ಮಗು. ಎರಡು ವರ್ಷ ಕನ್ನಡ ಶಾಲೆ ಬಿಡಿಸಿ.

ಡಲ್ಲಾಸ್: ಬಿಡಿಸಬೇಕಾ? ನನ್ನ ಮಗಳಿಗೆ ಗೆಳತಿಯರು ಸಿಕ್ಕಿದ್ದೇ ಅಲ್ಲಿ. ಬಿಡಿಸಿದವರ ಮಕ್ಕಳು ಅಜ್ಜಿ ಫೋನ್ ಮಾಡಿದರೆ "ಹಾಯ್" ಅಂದು ಎದ್ದು ಹೋಗ್ತಾರೆ.

ಸ್ಯಾನ್ ಹೋಸೆ: ಭಾಷೆ ಬಿಡಿ ಅಂತ ನಾನೆಲ್ಲಿ ಅಂದೆ? ಸರಿಯಾಗಿ ಓದಿ.

ಡಲ್ಲಾಸ್: ಓದೇ ಹೇಳ್ತಿರೋದು. ಶಾಲೆ ಬಿಟ್ಟ ಮೇಲೆ ಭಾಷೆ ಎಲ್ಲಿ ಉಳಿಯುತ್ತೆ ಸಾರ್?

ನ್ಯೂಜೆರ್ಸಿ, 22 ವರ್ಷದಿಂದ: ಸಾಕರ್‌ಗೆ ಹಾಕಲಿ, ಎರಡೂ ಇರಲಿ.

ಷಿಕಾಗೋ: ಮಕ್ಕಳದಿರಲಿ, ದೊಡ್ಡವರು ನಾವೇನು ಮಾಡ್ತೀವಿ? 2023ರಲ್ಲಿ ನಮ್ಮ ಗುಂಪಿನ ಒಬ್ಬರ ಕೆಲಸ ಹೋಯಿತು. ಎಚ್-1ಬಿ ಅಂದರೆ ಕೆಲಸದ ವೀಸಾದಲ್ಲಿದ್ದರು, ಬೇರೆ ಕೆಲಸ ಹುಡುಕೋಕೆ ಕೈಯಲ್ಲಿದ್ದದ್ದು 60 ದಿನ. ಫೋನ್ ಮಾಡಿದರೆ ನೊಂದುಕೊಳ್ತಾರೆ ಅಂತ ನಾನು ಸುಮ್ನಿದ್ದೆ. ಎಲ್ಲರೂ ಹಾಗೇ ಸುಮ್ನಿದ್ದರು. ಊರಿಗೆ ಹೊರಡುವ ಹಿಂದಿನ ದಿನ ಕುಕ್ಕರ್ ಕೊಟ್ಟುಹೋಗಲು ಬಂದರು. "ನಾವು ನಿಮಗೆಲ್ಲ ಬೇಡವಾದ್ವಿ ಅಂದ್ಕೊಂಡೆ" ಅಂದರು. ಆ ಕುಕ್ಕರ್ ಕೂಗಿದಾಗಲೆಲ್ಲ ನೆನಪಾಗುತ್ತೆ.

ಆಲ್ಬನಿ, ಹೊಸಬಳು: ರೋಚೆಸ್ಟರ್ ಅಕ್ಕ, ಕೌನ್ಸೆಲರ್‌ಗೆ ಬರೆದೆ. ಚೌಕವನ್ನೂ ಬರೆದಿದ್ದೀನಿ. ಚೆಂಡು ಗೆರೆ ಮೇಲೆ ಬಿದ್ದರೆ ಔಟಾ?

ರೋಚೆಸ್ಟರ್, ಶಾಲೆಯಲ್ಲಿ ಸಹಾಯಕಿ: ಒಂದೊಂದು ಶಾಲೆಯಲ್ಲಿ ಒಂದೊಂದು ರೂಲ್ಸು. ಅವನನ್ನೇ ಕೇಳಿ. ಇಷ್ಟು ದಿನ ಬೇಲಿ ಪಕ್ಕದಿಂದ ನೋಡಿದ್ದಾನಲ್ವಾ, ಗೊತ್ತಿರುತ್ತೆ.