ಹಸರಾದ ಹೊಳಿ ನೀರು ಕುದಿಸಿ ಕುಡಿದ್ರ ನಡೀತದೇನ್ರಿ?

ಹೊಳಿದಂಡಿ ಮನಿ (ಅಫಜಲಪುರ ತಾಲ್ಲೂಕು):
ನಮ್ಮೂರು ಭೀಮಾ ದಂಡಿ ಮ್ಯಾಲ, ಸೊನ್ನ ಬ್ಯಾರೇಜಿನ ಕೆಳಗ. ಶಿವರಾತ್ರಿ ದಾಟಿದ ಮ್ಯಾಲ ಹೊಳಿ ಹರಿಯೋದು ನಿಂತದ, ತಗ್ಗಿನಾಗ ನಿಂತ ನೀರೇ ಗತಿ. ಅದರ ಮ್ಯಾಲೀಗ ಹಸರು ಕೆನಿ ಕಟ್ಟೇದ, ಗಾಳಿ ಬೀಸಿದ್ರ ನಮ್ಮ ಕಡಿ ದಂಡಿಗೇ ಬಂದು ಕೂಡ್ತದ. ನಸುಕಿನಾಗ ಎಮ್ಮಿ ಹೊಡ್ಕೊಂಡು ಹೋದ್ರ ಮೀನ ಬಾಯಿ ತಕ್ಕೊಂಡು ಮ್ಯಾಲ ಬಂದಿರ್ತಾವ, ಒಂದಿಷ್ಟು ಸತ್ತು ತೇಲ್ತಿರ್ತಾವ. ಹೊತ್ತೇರಿದ ಮ್ಯಾಲ ಏನೂ ಆಗಿಲ್ಲದಂಗ. ಯಾರೋ ರಾತ್ರಿ ಔಷಧ ಹಾಕ್ಯಾರಂತ ಊರಾಗ ಜಗಳ ಹತ್ಯಾದ.

ನಳಕ್ಕ ಬರೋದೂ ಇದೇ ನೀರು. ಟಾಕಿಗೆ ಬ್ಲೀಚಿಂಗ್ ಪೌಡರ್ ಹಾಕ್ತೀವಿ ಅಂತಾರ ನೀರು ಬಿಡಾವ್ರು. ನಾವು ಸೋಸಿ, ಕುದಿಸಿ ಕುಡೀತೀವಿ, ಆದ್ರೂ ಹಸಿ ಮಣ್ಣಿನ ವಾಸನಿ ಹೋಗವಲ್ದು. ಮನ್ಯಾಗ ನಾಕು ತಿಂಗಳ ಕೂಸು ಅದ, ತಾಯಿ ಹಾಲು ಸಾಲದಕ್ಕ ಪುಡಿ ಹಾಲು ಕಲಿಸಿ ಕೊಡ್ತೀವಿ. ಕುದಿಸಿದ್ರ ಸಾಕೇನ್ರಿ? ಎಮ್ಮಿಗಾದ್ರೂ ನಡೀತದೇನು?

ನೀರಿನ ಲ್ಯಾಬ್, ಕಲಬುರಗಿ:
ಅಕ್ಕಾರ, ಮೊದಲ ಕೂಸಿಗೆ ಆ ನೀರು ಬಂದ್ ಮಾಡ್ರಿ. ಕುದಿಸಿದ್ರ ಸಾಯೋದು ರೋಗಾಣು ಅಷ್ಟೇ. ಗೊಬ್ಬರ, ಕೊಳಚಿಯಿಂದ ನೀರಿಗೆ ಕೂಡೋ ನೈಟ್ರೇಟ್ ಅನ್ನೋ ಲವಣ ಹಂಗೇ ಉಳೀತದ, ನೀರು ಆವಿಯಾಗಿ ಕಮ್ಮಿ ಆದಷ್ಟೂ ಅದರ ಪ್ರಮಾಣ ಏರ್ತದ. ಕುಡಿಯೋ ನೀರಿನಾಗ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅಂತ ಐಎಸ್ 10500 ಮಾನದಂಡ ಅದ. ದಾಟಿದ್ರ ಆರು ತಿಂಗಳೊಳಗಿನ ಕೂಸಿನ ರಕ್ತ ಆಮ್ಲಜನಕ ಹೊರೋದು ಕಮ್ಮಿ ಆಗಿ ತುಟಿ, ಉಗುರು ನೀಲಿ ಆಗಬಹುದು. ಹಂಗೇನಾದ್ರೂ ಕಂಡ್ರ ಸೀದಾ ದವಾಖಾನಿ.

ನೀಲಿ-ಹಸಿರು ಪಾಚಿಯೊಳಗ ಕೆಲವು ವಿಷ ಬಿಡ್ತಾವ, ಅದೂ ಕುದಿಸಿದ್ರ ಹೋಗಂಗಿಲ್ಲ. ಪಾಚಿ ಸೋಸದೇ ಬ್ಲೀಚಿಂಗ್ ಹಾಕಿದ್ರ ಪಾಚಿ ಒಡೆದು ಒಳಗಿನ ವಿಷ ನೀರಿಗೇ ಬರ್ತದ. ಸದ್ಯಕ್ಕ ಆರ್‌ಓ ಘಟಕದ ನೀರು ತಂದು, ಅದನ್ನ ಕುದಿಸಿ ಆರಿಸಿ ಹಾಲು ಕಲಿಸ್ರಿ. ಘಟಕದ ಫಿಲ್ಟರ್ ಯಾವಾಗ ಬದಲಿಸ್ಯಾರ ಅಂತ ಕೇಳೋದು ಮರೀಬ್ಯಾಡ್ರಿ.

ಮೀನಿಗೆ ಬಹುತೇಕ ಯಾರೂ ಔಷಧ ಹಾಕಿರಂಗಿಲ್ಲ. ಹಗಲು ಬಿಸಿಲಿಗೆ ಪಾಚಿ ಆಮ್ಲಜನಕ ಬಿಡ್ತದ, ರಾತ್ರಿ ತಾನೇ ಅದನ್ನ ಎಳ್ಕೊತದ. ನಸುಕಿನ ಹೊತ್ತಿಗೆ ನೀರಿನಾಗ ಮೀನಿಗೆ ಉಸಿರೇ ಉಳಿದಿರಂಗಿಲ್ಲ. ಮಧ್ಯಾಹ್ನ ಬಂದು ಅಳೆದ್ರ ಎಲ್ಲಾ ಬರೋಬ್ಬರಿ ಕಾಣ್ತದ. ಸಾಹೇಬ್ರು ಬರೋದೂ ಮಧ್ಯಾಹ್ನವೇ!

ಎಮ್ಮಿನ್ನ ಕೆನಿ ಕೂಡಿದ ದಂಡಿಗಂತೂ ಬಿಡಬ್ಯಾಡ್ರಿ. ಬೋರಿನ ನೀರು ಇದ್ರ ಅದನ್ನೇ ಕುಡಿಸ್ರಿ.

ಚಿತ್ತಾಪುರದಾವ:
ಎಲ್ಲಾ ಪುಣೆ ಕೊಳಚಿ ರೀ. ಮುಳಾ-ಮುಠಾ, ಇಂದ್ರಾಯಣಿ ಎಲ್ಲಾ ಭೀಮಾಕ್ಕ ಸೇರಿ ಉಜನಿ ಡ್ಯಾಮಿಗೆ ಬರ್ತಾವ. 117 ಟಿಎಂಸಿ ಡ್ಯಾಮು, 1980ರಿಂದ ಅದರ ಹಿನ್ನೀರಿನಾಗ ಕೊಳಚಿ ಕೂತಿದ್ದೇ ಕೂತಿದ್ದು. ಅವರು ಬಿಟ್ಟದ್ದೇ ನಮಗ ತೀರ್ಥ.

ಸಂಗಮದ ಅಂಗಡಿ:
ಪುಣೇದು ಅದ, ಇಲ್ಲ ಅನ್ನಂಗಿಲ್ಲ. ಆದ್ರ ಒಮ್ಮೆ ಗಾಣಗಾಪುರ ಸಂಗಮಕ್ಕ ಬಂದು ನೋಡ್ರಿ ಅಣ್ಣಾ. ಇಲ್ಲಿ ಕೂಡೋ ಅಮರ್ಜಾ ಪುಣೆಯಿಂದ ಬರಂಗಿಲ್ಲ, ನಮ್ಮ ಆಳಂದ ಕಡಿಯಿಂದ ಬರ್ತದ. ಹುಣ್ಣಿವಿ ಮರುದಿನ ನೀರಿನಾಗ ಕಾಲಿಟ್ರ ಬಿಟ್ಟುಹೋದ ಸೀರಿ, ಧೋತ್ರ ಕಾಲಿಗೆ ಸುತ್ಕೊತಾವ, ಮ್ಯಾಲ ಶಾಂಪೂ ಪಾಕೀಟು. ಕಬ್ಬಿಗೆ ಚೀಲಗಟ್ಲೆ ಯೂರಿಯಾ ಸುರಿಯೋರೂ ನಾವೇ. ಪಾಚಿಗೆ ಮರಾಠಿ ಗೊಬ್ಬರ, ಕನ್ನಡ ಗೊಬ್ಬರ ಅಂತ ಭೇದ ಇಲ್ಲ.

ನಮ್ಮಜ್ಜಿ ಕಾಲಕ್ಕ ಹೊಳಿ ಉಸುಕಿನಾಗ ವರ್ತಿ ತೋಡಿ, ಬಟ್ಟಲಲೇ ತೋಡಿ ತೋಡಿ ಕೊಡ ತುಂಬ್ತಿದ್ರು. ಉಸುಕಿನಾಗ ಸೋಸಿ ಬಂದ ನೀರು ಅದು. ಆ ಉಸುಕು ಟಿಪ್ಪರ್ ಹತ್ತಿ ಹೋತು. ಈಗ ಬರೇ ಕೆಸರು, ಪೈಪು ಸೀದಾ ಹಸರು ನೀರಿನಾಗ ಇಟ್ಟಾರ.

ಹೊಳಿದಂಡಿ ಮನಿ:
ಪಂಚಾಯ್ತಿಗೆ ಹೋಗಿದ್ದೆ. ಟ್ರೇನಿಂಗ್ ಆದ ಹೆಣ್ಮಕ್ಕಳು ಕಿಟ್ ತಂದು ನೈಟ್ರೇಟ್ ನೋಡಿದ್ರು, ಬಣ್ಣದ ಕಾರ್ಡಿನಾಗ ಗಾಢ ಬಣ್ಣಕ್ಕ ಹೊಂದ್ತು, ಅಂದ್ರ ನೈಟ್ರೇಟ್ ಜಾಸ್ತಿ ಅದ. ಪಾಚಿಗೆ ಅದರಾಗ ಏನೂ ಇಲ್ಲಂತ. ಲ್ಯಾಬಿಗೆ ಹ್ಯಾಂಗ ಕಳಸಬೇಕ್ರಿ? ತಂಪು ಪಾನಿದ ಖಾಲಿ ಬಾಟಲಿ ನಡೀತದೇನು?

ನೀರಿನ ಲ್ಯಾಬ್, ಕಲಬುರಗಿ:
ಎರಡು ಥರ ಬಾಟಲಿ ಬೇಕು. ನೈಟ್ರೇಟಿಗೆ ಸ್ವಚ್ಛ ಪ್ಲಾಸ್ಟಿಕ್ ಬಾಟಲಿ ನಡೀತದ, ಅದೇ ನೀರಿನಾಗ ಮೂರು ಸಲ ಗಲಬರಿಸಿ ತುಂಬ್ರಿ. ರೋಗಾಣು ಟೆಸ್ಟಿಗೆ ಲ್ಯಾಬಿನವರೇ ಕೊಡೋ ಬಾಟಲಿ. ಅದನ್ನ ತೊಳೀಲೇಬ್ಯಾಡ್ರಿ, ಕ್ಲೋರಿನ್ ಮುರಿಯೋ ಮದ್ದು ಒಳಗ ಹಾಕಿರ್ತಾರ, ಮುಚ್ಚಳದ ಒಳಮೈಗೆ ಬೆರಳೂ ತಾಗಬಾರದು. ಒಂದು ನಳದ್ದು, ಒಂದು ಪೈಪ್ ಇಟ್ಟ ಜಾಗದ್ದು ತುಂಬಿ, ತಾರೀಖು, ಹೊತ್ತು ಬರೀರಿ. ಅರ್ಜಿಯೊಳಗ ಪಾಚಿ ಯಾವ ಜಾತಿದು ನೋಡ್ರಿ ಅಂತ ಬ್ಯಾರೇನೇ ಬರೀರಿ, ಬರೀದಿದ್ರ ನೋಡಂಗಿಲ್ಲ.

ಬರ್ಫದ ಡಬ್ಬಿಯೊಳಗಿಟ್ಟು ಅವತ್ತೇ ಮುಟ್ಟಿಸ್ರಿ. ಬಸ್ ಡ್ರೈವರ್ ಕೈಯಾಗ ಕೊಟ್ಟು ಕಳಸಬ್ಯಾಡ್ರಿ, ಬಿಸಿ ಬಾನೆಟ್ ಮ್ಯಾಲ ಇಡ್ತಾರ.