ಫ್ಯಾಕ್ಟರಿ ನರ್ಸ್‌ಗೆ ಸಂಶೋಧನೆ ಯಾಕ್ರೀ?

ಬ್ಯಾಡಗಿ ಸಿಸ್ಟರ್:
ನಾನು ಮೆಣಸಿನಪುಡಿ ಫ್ಯಾಕ್ಟರಿಯಲ್ಲಿ ನರ್ಸ್. ಬಿಪಿ ನೋಡೋದು, ಡ್ರೆಸಿಂಗ್ ಮಾಡೋದು, ರಿಜಿಸ್ಟರ್ ಬರೆಯೋದು, ಇಷ್ಟೇ ಕೆಲಸ. ಧಾರವಾಡದಲ್ಲಿ ನರ್ಸಿಂಗ್ ಪಾಠ ಮಾಡುವ ಗೆಳತಿ ‘ನಿಮ್ಮಲ್ಲೇ ಸಂಶೋಧನೆ ಮಾಡು’ ಅಂತ ಗಂಟುಬಿದ್ದಿದ್ದಾಳೆ. ತೊಟ್ಟು ಬಿಡಿಸೋ ಹೆಣ್ಣುಮಕ್ಕಳಿಗೆ ಕೈ ಉರಿ, ಕೆಮ್ಮು ಇದ್ದದ್ದೇ. ಅದರಲ್ಲಿ ಕಂಡುಹಿಡಿಯೋದು ಏನಿದೆ?

ಗದಗ ಅಕ್ಕ:
ಇದ್ದದ್ದೇ ಅಂತ ಬಿಟ್ಟಿದ್ದಕ್ಕೇ ಯಾರೂ ನೋಡಿಲ್ಲ, ಅಲ್ವಾ? ನಾನು ಜಿನ್ನಿಂಗ್ ಮಿಲ್ ಕಡೆಯವಳು. ಹತ್ತಿ ಧೂಳಿಗೆ ಬಿಸಿನೋಸಿಸ್ ಅನ್ನೋ ಶ್ವಾಸಕೋಶದ ರೋಗ ಬರುತ್ತೆ. ರಜೆ ಮುಗಿಸಿ ಬಂದ ಮೊದಲ ದಿನ ಎದೆ ಬಿಗಿತ ಜಾಸ್ತಿ, ಆಮೇಲೆ ಇಳಿಯುತ್ತೆ. 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಡಾ. ಶಿಲ್ಲಿಂಗ್ ಆ ರೋಗಕ್ಕೆ ದರ್ಜೆ ಮಾಡಿದ್ದು ‘ಯಾವ ದಿನ ಬಿಗಿಯುತ್ತೆ’ ಅನ್ನೋದರ ಮೇಲೆ. ನಿಮ್ಮ ರಿಜಿಸ್ಟರ್‌ನಲ್ಲಿ ‘ಕೆಮ್ಮು, ಮಾತ್ರೆ ಕೊಟ್ಟಿದೆ’ ಅಂತಷ್ಟೇ ಇದ್ದರೆ ಇದು ಹೇಗೆ ಗೊತ್ತಾಗಬೇಕು? ಯಾವ ವಿಭಾಗ, ಯಾವ ಪಾಳಿ, ಎಷ್ಟು ವರ್ಷದ ಕೆಲಸ, ಬೀಡಿ ಸೇದ್ತಾರಾ, ಮನೆಯಲ್ಲಿ ಕಟ್ಟಿಗೆ ಒಲೆನಾ, ರಜೆ ದಿನ ಕೆಮ್ಮು ಕಡಿಮೆನಾ, ಇದನ್ನೆಲ್ಲ ಬರೆಯಿರಿ. ಪಾಳಿಗೆ ಮುಂಚೆ ಮತ್ತು ಆಮೇಲೆ ಪೀಕ್ ಫ್ಲೋ ಮೀಟರ್ (ಉಸಿರು ಎಷ್ಟು ಜೋರಾಗಿ ಹೊರಗೆ ಬರುತ್ತೆ ಅಂತ ಅಳೆಯೋ ಸಾಧನ) ಮೂರು ಸಲ ಊದಿಸಿ, ಹೆಚ್ಚು ಬಂದದ್ದನ್ನು ಹಾಕಿ.

ಹುಬ್ಬಳ್ಳಿಯವ:
ಒಂದು ಮಾತು. ಕೆಮ್ಮು ತಡೆಯಲಾರದವರು ಆಗಲೇ ಕೆಲಸ ಬಿಟ್ಟಿರ್ತಾರೆ. ಉಳಿದ ಗಟ್ಟಿಗರನ್ನಷ್ಟೇ ನೋಡಿ ‘ಎಲ್ಲರೂ ಆರಾಮ’ ಅಂತ ಬರೆದರೆ ಮಾಲೀಕರಿಗೆ ಖುಷಿ. ಬಿಟ್ಟು ಹೋದವರ ಮನೆಗೂ ಹೋಗಿ ಕೇಳಿ.

ಬ್ಯಾಡಗಿ ಸಿಸ್ಟರ್:
ಅಣ್ಣಾ, ಹೆಸರು ಬರೆದುಕೊಂಡರೆ ಕೆಲಸ ಹೋಗುತ್ತೆ ಅಂತ ಹೆದರ್ತಾರೆ.

ಹುಬ್ಬಳ್ಳಿಯವ:
ಹೆದರೋದು ಸರಿನೇ. ಹೆಸರಿನ ಬದಲು ನಂಬರ್ ಹಾಕಿ, ಪಟ್ಟಿ ನಿಮ್ಮ ಹತ್ರನೇ ಇರಲಿ. ಗೆಳತಿಯ ಕಾಲೇಜಿನ ಎಥಿಕ್ಸ್ ಕಮಿಟಿ (ಸಂಶೋಧನೆಯಲ್ಲಿ ಜನರಿಗೆ ಅನ್ಯಾಯ ಆಗದಂತೆ ನೋಡೋ ಸಮಿತಿ) ಒಪ್ಪಿಗೆ ಇಲ್ಲದೆ ಶುರು ಮಾಡಬೇಡಿ. ಬೇಡ ಅಂದವರನ್ನು ಬಿಟ್ಟುಬಿಡಿ.

ಧಾರವಾಡ ಮೇಡಂ:
ಕೈ ಉರಿಯಿಂದಲೇ ಶುರು ಮಾಡಿ, ಸುಲಭ. ಮೆಣಸಿನಕಾಯಿಗೆ ಖಾರ ಕೊಡೋ ಕ್ಯಾಪ್ಸೈಸಿನ್ ಅನ್ನೋ ಅಂಶ ನೀರಲ್ಲಿ ಕರಗೋದು ತೀರಾ ಕಡಿಮೆ, ಎಣ್ಣೆಯಲ್ಲಿ ಕರಗುತ್ತೆ. ಒಂದು ಗುಂಪು ಸೋಪಿನಲ್ಲಿ ಮಾತ್ರ ಕೈ ತೊಳೆಯಲಿ, ಇನ್ನೊಂದು ಮೊದಲು ಎಣ್ಣೆ ಹಚ್ಚಿ ಆಮೇಲೆ ಸೋಪು. ಯಾರಿಗೆ ಉರಿ ಬೇಗ ಇಳೀತು ಅಂತ ಬರೆದಿಡಿ. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರು, ಖಾರ ಕಡಿಮೆ. ಬೇರೆ ತಳಿ ಬಂದ ದಿನ ಅದನ್ನೂ ಗುರುತು ಹಾಕಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತೆ. ಎಣ್ಣೆಗೆ ಗೆಲುವಾದರೆ ಮ್ಯಾನೇಜರ್ ಮುಂದೆ ಕಾಗದ ಇಟ್ಟು ಎಣ್ಣೆ, ಕೈಗವಸು ಕೇಳಬಹುದು. ಸುಮ್ನೆ ಬಾಯಿಮಾತಿಗೆ ಅವರು ಕೊಡಲ್ಲ.

ಬ್ಯಾಡಗಿ ಸಿಸ್ಟರ್:
ಪೀಕ್ ಫ್ಲೋ ಮೀಟರ್ ಹುಬ್ಬಳ್ಳಿಯಲ್ಲಿ ಸಿಗುತ್ತಾ?

ಗದಗ ಅಕ್ಕ:
ಸರ್ಜಿಕಲ್ ಅಂಗಡಿಯಲ್ಲಿ ಕೇಳಿ. ಮೌತ್‌ಪೀಸ್ ಮಾತ್ರ ಜಾಸ್ತಿ ತಗೊಳ್ಳಿ, ಒಬ್ಬರು ಊದಿದ್ದನ್ನು ಇನ್ನೊಬ್ಬರಿಗೆ ಕೊಡಬೇಡಿ.